ಗೋಡೆಯ ಗೂಡಿನಲ್ಲಿ ಒಂದು ಲೀಟರಿನ ಕಂಪ್ಯೂಟರು

ಸಾಗರದ ನಮ್ಮ ಹಳೆಯ ಮನೆಯಲ್ಲಿ ಜಗಲಿಯಿಂದ ಒಳಕ್ಕೆ ಬರುವಾಗ ಬಲಗಡೆಯ ಗೋಡೆಯಲ್ಲಿ ಒಂದು ಗೂಡು ಇದೆ. ಅಪ್ಪಯ್ಯ ಇದ್ದಾಗ ಅದರಲ್ಲಿ ಪಂಚಾಂಗ, ಕನ್ನಡಕದ ಡಬ್ಬಿ, ಮಂಡಿಯಿಂದ ತಂದ ಅಡಕೆಯ ಚೀಟಿಗಳು ಇರುತ್ತಿದ್ದವು. ಈಗ ಅಲ್ಲಿ ಇಂಟರ್ನೆಟ್ಟಿನ ರೂಟರ್ ಕೂತಿದೆ. ಅದರ ಪಕ್ಕದಲ್ಲಿ 18 ಸೆಂಟಿಮೀಟರ್ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲ, ಮೂರೂವರೆ ಸೆಂಟಿಮೀಟರ್ ದಪ್ಪದ ಒಂದು ಕಪ್ಪು ಪೆಟ್ಟಿಗೆ ಇದೆ. ಗುಣಿಸಿ ನೋಡಿದರೆ ಒಂದು ಲೀಟರಿಗಿಂತ ತುಸು ಹೆಚ್ಚು. ಈ ಜಾತಿಯ ಯಂತ್ರಗಳಿಗೆ ಹವ್ಯಾಸಿಗಳ ನಡುವೆ ‘ಒಂದು ಲೀಟರ್ ಪಿಸಿ’ ಎಂಬ ಹೆಸರು ಬಂದಿರುವುದು ಈ ಅಳತೆಯಿಂದಲೇ. ಮನೆಗೆ ಬಂದವರು ಅದನ್ನು ಟಿ.ವಿ.ಯ ಸೆಟ್‌ಟಾಪ್ ಬಾಕ್ಸ್ ಎಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ.

ನಾನು ವೃತ್ತಿಯಿಂದ ಲೆಕ್ಕಪತ್ರದವನು. ಕಂಪ್ಯೂಟರಿನ ವಿದ್ಯೆಯನ್ನು ಯಾರಿಂದಲೂ ಕ್ರಮವಾಗಿ ಕಲಿತವನಲ್ಲ. ಕೆಡಿಸಿ, ಸರಿಮಾಡಿ, ಮತ್ತೆ ಕೆಡಿಸಿ ಅಷ್ಟಿಷ್ಟು ತಿಳಿದುಕೊಂಡವನು. ಹದಿನೈದು ವರ್ಷಗಳಲ್ಲಿ ಎಷ್ಟು ತಂತ್ರಾಂಶಗಳನ್ನು ಹಾಕಿ ತೆಗೆದಿದ್ದೇನೆ ಎಂಬುದಕ್ಕೆ ಲೆಕ್ಕ ಇಟ್ಟಿಲ್ಲ. ಒಂದು ಕಾಲದಲ್ಲಿ ಹೊಸದೊಂದನ್ನು ಹಾಕುವುದೇ ಹವ್ಯಾಸವಾಗಿತ್ತು, ಅದರಿಂದ ಏನು ಮಾಡುವುದೆಂಬ ಪ್ರಶ್ನೆ ಆಮೇಲಿನದು. ಈಗ ಉಳಿದಿರುವುದು ಏಳೆಂಟು ಮಾತ್ರ. ಅವೇ ಏಕೆ ಉಳಿದವು ಎಂದು ಯೋಚಿಸಿದಾಗ, ಯಂತ್ರಕ್ಕೂ ತಂತ್ರಾಂಶಕ್ಕೂ ನನಗೆ ಗೊತ್ತಿಲ್ಲದೆಯೇ ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದಿದ್ದೇನೆ ಅನ್ನಿಸುತ್ತದೆ: ಬಿದ್ದ ಮೇಲೆ ಏನಾಗುತ್ತದೆ? ಜುಲೈ ತಿಂಗಳಿನಲ್ಲಿ ದಿನಕ್ಕೆ ನಾಲ್ಕಾರು ಸಲ ಕರೆಂಟು ಹೋಗುವ ಊರಿನಲ್ಲಿ, ಕರೆಂಟು ಬಂದಾಗ ಯಂತ್ರ ತಾನಾಗಿಯೇ ಎದ್ದು ಕೂರುತ್ತದೆಯೇ? ತಂತ್ರಾಂಶವನ್ನು ಬರೆದವರು ನಾಳೆ ಅದನ್ನು ಕೈಬಿಟ್ಟರೆ ನನ್ನ ಕಡತಗಳನ್ನು ಓದಲು ಇನ್ನೊಂದು ದಾರಿ ಇರುತ್ತದೆಯೇ?

ನನ್ನ ಮೊದಲ ಪುಟ್ಟ ಕಂಪ್ಯೂಟರು ಅನೇಕರದರಂತೆ ರಾಸ್ಪ್‌ಬೆರಿ ಪೈ. ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಸೇರಲು ಬರುವ ಹುಡುಗರ ಸಂಖ್ಯೆಯೂ ಅವರ ಕೈಪಳಗಿಕೆಯೂ ಇಳಿಯುತ್ತಿರುವುದನ್ನು ಕಂಡ ಎಬೆನ್ ಅಪ್ಟನ್ ಮತ್ತು ಜೊತೆಗಾರರು, ಮಕ್ಕಳು ಹೆದರದೆ ಬಿಚ್ಚಿ ನೋಡಬಹುದಾದ ಅಗ್ಗದ ಹಲಗೆಯೊಂದು ಬೇಕೆಂದು ಅದನ್ನು ರೂಪಿಸಿದರು. 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ಮೊದಲ ಹಲಗೆ ಎ.ಟಿ.ಎಂ. ಕಾರ್ಡಿನಷ್ಟಗಲ ಇತ್ತು; 256 ಎಂ.ಬಿ. ಮೆಮೊರಿ, 700 ಮೆಗಾಹರ್ಟ್ಸ್ ವೇಗ, 35 ಡಾಲರ್ ಬೆಲೆ. ನಾನು ಕೊಂಡದ್ದು 2017ರಲ್ಲಿ, 1 ಜಿ.ಬಿ. ಮೆಮೊರಿಯ ಮೂರನೆಯ ಮಾದರಿಯನ್ನು. ಅಡಾಪ್ಟರಿಗೆಂದು ಪ್ರತ್ಯೇಕ ದುಡ್ಡು ಹಾಕುವುದೇಕೆ ಎಂದು ಡ್ರಾಯರಿನಲ್ಲಿದ್ದ ಮೊಬೈಲ್ ಚಾರ್ಜರನ್ನೇ ಚುಚ್ಚಿದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಆಗಾಗ ಬಂದು ಹೋಗುತ್ತಿತ್ತು. ಅಂದಕ್ಕೆ ಹಾಕಿದ್ದಾರೆ ಎಂದುಕೊಂಡಿದ್ದೆ. ಹಲಗೆಗೆ ಸಿಗುವ ವೋಲ್ಟೇಜು 4.63ಕ್ಕಿಂತ ಕೆಳಗೆ ಇಳಿದಿದೆ ಎಂದು ಅದು ಎಚ್ಚರಿಸುತ್ತಿತ್ತೆಂದು ಗೊತ್ತಾಗಲು ಆರು ತಿಂಗಳು ಬೇಕಾಯಿತು. ಚಾರ್ಜರಿನ ಮೇಲೆ 5 ವೋಲ್ಟ್ ಎಂದೇ ಬರೆದಿತ್ತು, ಆದರೆ ಸಪೂರ ತಂತಿಯ ಉದ್ದದಲ್ಲಿ ಅದರ ಒಂದು ಪಾಲು ಕರಗಿಹೋಗುತ್ತಿತ್ತು.

ಅಡಾಪ್ಟರ್ ಬದಲಿಸಿದ ಮೇಲೂ ಎರಡು ಮಳೆಗಾಲಗಳಲ್ಲಿ ಮೂರು ಮೆಮೊರಿ ಕಾರ್ಡುಗಳು ಸತ್ತವು. ಕಾರಣವನ್ನು ನಿಧಾನವಾಗಿ ಅರ್ಥಮಾಡಿಕೊಂಡೆ. ಇಂಥ ಕಾರ್ಡಿನಲ್ಲಿ ಒಂದು ಸಾಲು ಬರೆಯಬೇಕೆಂದರೂ ಒಳಗಿನ ನಿಯಂತ್ರಕ ಒಂದು ದೊಡ್ಡ ತುಂಡನ್ನೇ ಅಳಿಸಿ ಬೇರೆ ಕಡೆ ಹೊಸದಾಗಿ ಬರೆದು, ಯಾವುದು ಎಲ್ಲಿದೆ ಎಂಬ ತನ್ನ ಪಟ್ಟಿಯನ್ನು ತಿದ್ದಿಕೊಳ್ಳುತ್ತದೆ. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋದರೆ ಆಗ ಬರೆಯುತ್ತಿದ್ದುದು ಮಾತ್ರವಲ್ಲ, ಅದಕ್ಕೆ ಸಂಬಂಧವೇ ಇಲ್ಲದ ನೆರೆಯ ಕಡತವೂ ಹಾಳಾಗಬಹುದು. ಪೈಯನ್ನು ನಡೆಸುವ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ತನ್ನ ದಿನಚರಿಯನ್ನು ಹಗಲಿರುಳೂ ಬರೆಯುತ್ತಲೇ ಇರುತ್ತದೆ, ನಮ್ಮೂರಿನಲ್ಲಿ ಕರೆಂಟು ಹಗಲಿರುಳೂ ಹೋಗುತ್ತಲೇ ಇರುತ್ತದೆ. ಎರಡೂ ಒಂದು ಕ್ಷಣದಲ್ಲಿ ಕೂಡಿಬರಲು ಜಾತಕ ನೋಡಬೇಕಾಗಿಲ್ಲ. ಪೈಯ ಹೊಂದಿಸುವ ಪರದೆಯಲ್ಲಿ ಕಾರ್ಡಿಗೆ ಏನನ್ನೂ ಬರೆಯದೆ ಬರಹವನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಳ್ಳುವ ‘ಓವರ್‌ಲೇ’ ಎಂಬ ಆಯ್ಕೆ ಇದೆಯೆಂಬುದು ಮೂರನೆಯ ಕಾರ್ಡು ಸತ್ತ ಮೇಲೆ ತಿಳಿಯಿತು. ಈಗ ಅದೇ ಪೈ ಆ ಸ್ಥಿತಿಯಲ್ಲಿ ನಾಲ್ಕು ವರ್ಷಗಳಿಂದ ‘ಪೈ-ಹೋಲ್’ ಒಂದನ್ನೇ ನಡೆಸುತ್ತಿದೆ. ಅಂದರೆ ಮನೆಯ ಫೋನುಗಳು ಜಾಹೀರಾತಿನ ತಾಣಗಳ ವಿಳಾಸ ಕೇಳಿದಾಗ ಅಂಥ ಊರೇ ಇಲ್ಲ ಎಂದು ಉತ್ತರ ಕೊಡುತ್ತದೆ. ಕಾರ್ಡು ಇನ್ನೂ ಅದೇ. ಉಳಿದ ಕೆಲಸಗಳಿಗೆ ಬೇರೆ ಯಂತ್ರ ಬೇಕಾಯಿತು, ಏಕೆಂದರೆ ಕಡತಗಳನ್ನು ಕಾಪಾಡಬೇಕಾದ ಯಂತ್ರವು ಏನನ್ನೂ ಬರೆಯುವುದಿಲ್ಲ ಎಂದು ಕೂತರೆ ಸಂಸಾರ ನಡೆಯುವುದಿಲ್ಲ.

ಕಪ್ಪು ಪೆಟ್ಟಿಗೆಯನ್ನು ತಂದದ್ದು 2024ರ ನವೆಂಬರಿನಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಮಹಡಿಯ ಮೇಲಿನ ಒಂದು ಅಂಗಡಿಯಿಂದ. ಅಲ್ಲಿ ಇಂಥವು ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಿದ್ದವು. ಅಷ್ಟೊಂದು ಒಟ್ಟಿಗೆ ಬರಲು ಒಂದು ಕಾರಣವಿತ್ತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಸಾಮಾನ್ಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆ ಎಂದು ಮೊದಲೇ ತಿಳಿಸಲಾಗಿತ್ತು. ಹಾಗಾಗಿ ದೊಡ್ಡ ಕಚೇರಿಗಳು ಚೆನ್ನಾಗಿಯೇ ಓಡುತ್ತಿದ್ದ ಆರನೆಯ, ಏಳನೆಯ ತಲೆಮಾರಿನ ಯಂತ್ರಗಳನ್ನು ಸಗಟಾಗಿ ಹೊರಗೆ ಹಾಕುತ್ತಿದ್ದವು. ನನ್ನದು ಆರನೆಯದು: ನಾಲ್ಕು ಕೋರ್‌ಗಳ ಐ5-6500ಟಿ, 8 ಜಿ.ಬಿ. ಮೆಮೊರಿ, 256 ಜಿ.ಬಿ.ಯ ಎಸ್.ಎಸ್.ಡಿ., ಒಂಬತ್ತು ಸಾವಿರ ರೂಪಾಯಿ. ಹೊಸ ಪೈ, ಅದಕ್ಕೆ ತಕ್ಕ ಅಡಾಪ್ಟರ್, ಡಬ್ಬಿ, ಕಾರ್ಡು ಎಲ್ಲ ಸೇರಿಸಿದ್ದರೆ ಬೆಲೆಯಲ್ಲಿ ಬಹಳ ದೂರವೇನೂ ಇರುತ್ತಿರಲಿಲ್ಲ. ಈ ಪೆಟ್ಟಿಗೆಯಲ್ಲಿ ನನಗೆ ಇಷ್ಟವಾದುದು ವೇಗಕ್ಕಿಂತ ಹೆಚ್ಚಾಗಿ, ಹಿಂಬದಿಯ ಒಂದೇ ತಿರುಪನ್ನು ಬಿಚ್ಚಿದರೆ ಮೇಲಿನ ತಗಡು ಜಾರಿ ಬರುತ್ತದೆ ಎಂಬುದು. ಒಳಗಿರುವ ಮೆಮೊರಿ ಲ್ಯಾಪ್‌ಟಾಪಿನದೇ, ಡಿಸ್ಕಿನ ಜಾಗ ಲ್ಯಾಪ್‌ಟಾಪ್ ಡಿಸ್ಕಿನದೇ, ಅದೇ ಕಂಪನಿಯ ಲ್ಯಾಪ್‌ಟಾಪಿನ ಚೌಕಬಾಯಿಯ ಅಡಾಪ್ಟರ್ ಇದಕ್ಕೂ ಹೊಂದುತ್ತದೆ. ಶಿವಮೊಗ್ಗದವರೆಗೂ ಹೋಗದೆ, ಸಾಗರದಲ್ಲೇ ಸಿಗುವ ಬಿಡಿಭಾಗಗಳಿಂದ ದುರಸ್ತಿ ಮಾಡಿಕೊಳ್ಳಬಹುದು.

“ಸರ್, ಆರು ತಿಂಗಳು ಗ್ಯಾರಂಟಿ, ಏನೂ ಆಗಲ್ಲ” ಎಂದು ಅಂಗಡಿಯವರು ಹೇಳಿದರು. ಹತ್ತನೆಯ ದಿನ ಕರೆಂಟು ಹೋಗಿ ಬಂದ ಮೇಲೆ ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಫ್ಯಾನಿನ ಸಣ್ಣ ಸದ್ದೂ ಇತ್ತು, ಆದರೆ ಜಾಲದಲ್ಲಿ ಅದು ಕಾಣಿಸುತ್ತಿರಲಿಲ್ಲ. ಒತ್ತಿ ಆರಿಸಿ ಹಚ್ಚಿದೆ, ಮತ್ತೆ ಹಾಗೆಯೇ. ಕೊನೆಗೆ ಟಿ.ವಿ.ಯ ತಂತಿಯನ್ನು ಎಳೆದು ತಂದು ಚುಚ್ಚಿ ನೋಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು: ದಿನಾಂಕ ಮತ್ತು ಸಮಯ ಸರಿಯಿಲ್ಲ, ಮುಂದುವರಿಯಲು ಎಫ್1 ಒತ್ತಿ. ಕೀಲಿಮಣೆಯೇ ಇಲ್ಲದ ಯಂತ್ರ ಯಾರಾದರೂ ಎಫ್1 ಒತ್ತಲಿ ಎಂದು ಇಡೀ ರಾತ್ರಿ ಗೂಡಿನಲ್ಲಿ ಕಾದು ಕೂತಿತ್ತು. ಗಡಿಯಾರವನ್ನು ನಡೆಸುವ, ಎರಡು ರೂಪಾಯಿ ನಾಣ್ಯದಂಥ ಸಿ.ಆರ್.2032 ಬ್ಯಾಟರಿ ಕಚೇರಿಯಲ್ಲಿದ್ದಾಗಲೇ ಸತ್ತಿರಬೇಕು. ಅಲ್ಲಿ ಯಂತ್ರಕ್ಕೆ ಯು.ಪಿ.ಎಸ್. ಇದ್ದುದರಿಂದ ಯಾರಿಗೂ ತಿಳಿದಿರಲಿಕ್ಕಿಲ್ಲ. ಕೈಗಡಿಯಾರದ ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ಬ್ಯಾಟರಿ ಸಿಕ್ಕಿತು. ಅದೇ ಸಲ, ಯಂತ್ರ ಏಳುವಾಗಿನ ಮೂಲ ಹೊಂದಾಣಿಕೆಗಳಿರುವ ಬಯೋಸ್ ಒಳಗೆ ಹೋಗಿ, ವಿದ್ಯುತ್ ಹೋಗಿ ಬಂದರೆ ಏನು ಮಾಡಬೇಕೆಂಬಲ್ಲಿ ‘ಆನ್’ ಎಂದು ಇಟ್ಟೆ. ಬಳಸಿದ ಪೆಟ್ಟಿಗೆ ಕೊಳ್ಳುವವರು ಮೊದಲು ಮಾಡಬೇಕಾದ ಎರಡು ಕೆಲಸ ಇವೇ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಪೈಗೆ ಈ ತಾಪತ್ರಯವಿಲ್ಲ, ಏಕೆಂದರೆ 2023ರಲ್ಲಿ ಬಂದ ಐದನೆಯ ಮಾದರಿಯವರೆಗೂ ಅದಕ್ಕೆ ಸ್ವಂತ ಗಡಿಯಾರವೇ ಇರಲಿಲ್ಲ. ಎದ್ದಾಗಲೆಲ್ಲ ಜಾಲವನ್ನು ಕೇಳಿ ಹೊತ್ತು ತಿಳಿದುಕೊಳ್ಳುತ್ತಿತ್ತು.

ವಿದ್ಯುತ್ತಿನ ಖರ್ಚಿನ ಬಗ್ಗೆ ಒಂದು ಮಾತು. ಗೋಡೆಗೆ ಚುಚ್ಚುವ ಮೀಟರಿನಲ್ಲಿ ನೋಡಿದರೆ ಸುಮ್ಮನಿರುವಾಗ ಪೆಟ್ಟಿಗೆ 9 ವಾಟ್ ಎಳೆಯುತ್ತದೆ. ತಿಂಗಳಿಗೆ ಆರೂವರೆ ಯೂನಿಟ್. ಪೈ 3 ವಾಟ್, ಎರಡು ಯೂನಿಟ್ ಚಿಲ್ಲರೆ. ಅಟ್ಟದ ಮೇಲಿರುವ ನನ್ನ ಹಳೆಯ ಡೆಸ್ಕ್‌ಟಾಪನ್ನು ಇದೇ ರೀತಿ ಹಗಲಿರುಳು ಬಿಟ್ಟಿದ್ದರೆ 65 ವಾಟಿನ ಲೆಕ್ಕದಲ್ಲಿ 47 ಯೂನಿಟ್ ಆಗುತ್ತಿತ್ತು. ಗೃಹಜ್ಯೋತಿಯಲ್ಲಿ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡಾ ಹತ್ತನ್ನು ಕೂಡಿಸಿ ಮಿತಿ ಕಟ್ಟಿರುವ ಮನೆಗಳಲ್ಲಿ ಈ ವ್ಯತ್ಯಾಸ ಹವ್ಯಾಸದ ಆಯಸ್ಸನ್ನೇ ನಿರ್ಧರಿಸಬಲ್ಲದು.

ಪೆಟ್ಟಿಗೆಗೆ ಹಾಕಿದ್ದು ಲಿನಕ್ಸಿನ ಒಂದು ರೂಪವಾದ ಡೆಬಿಯನ್. 1993ರಿಂದ ಸ್ವಯಂಸೇವಕರು ನಡೆಸಿಕೊಂಡು ಬಂದಿರುವ ಈ ವ್ಯವಸ್ಥೆಯ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಇಲ್ಲದಿರುವುದೇ ಅದರ ಗುಣ. ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ನಡುವೆ ಭದ್ರತೆಯ ತೇಪೆಗಳಲ್ಲದೆ ಬೇರೇನೂ ಬದಲಾಗುವುದಿಲ್ಲ. 2025ರ ಆಗಸ್ಟಿನಲ್ಲಿ 13ನೆಯ ಆವೃತ್ತಿ ಬಂದಿತು. ಒಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಮೊದಲು ಹಚ್ಚಿ ಹೋದೆ, ತಿಂಡಿ ಮುಗಿಯುವಷ್ಟರಲ್ಲಿ ಮುಗಿದಿತ್ತು.

ಮನೆಯವರ ದೃಷ್ಟಿಯಲ್ಲಿ ಈ ಪೆಟ್ಟಿಗೆಯ ಮುಖ್ಯ ಕೆಲಸ ಪ್ರಿಂಟರು. ನಮ್ಮಲ್ಲಿರುವುದು ಎಚ್.ಪಿ. ಲೇಸರ್‌ಜೆಟ್ 1020, ಕರ್ನಾಟಕದಲ್ಲಿ ಜೆರಾಕ್ಸ್ ಅಂಗಡಿಗೂ ವಕೀಲರ ಕಚೇರಿಗೂ ಕಾಲಿಟ್ಟವರು ಈ ಬಿಳಿಯ ಪುಟ್ಟ ಯಂತ್ರವನ್ನು ನೋಡದೆ ಇರಲಾರರು. ಅದಕ್ಕೆ ತನ್ನದೇ ಆದ ಶಾಶ್ವತ ನೆನಪಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರು ಅದನ್ನು ಒಳಗಿನಿಂದ ನಡೆಸುವ ತಂತ್ರಾಂಶವಾದ ಫರ್ಮ್‌ವೇರನ್ನು ಹೊಸದಾಗಿ ಕೈಗೆ ಕೊಡಬೇಕು, ಆಮೇಲೆಯೇ ತಾನು ಪ್ರಿಂಟರೆಂಬುದು ಅದಕ್ಕೆ ತಿಳಿಯುತ್ತದೆ. ಹವ್ಯಾಸಿಗಳು ಬರೆದ ಮುಕ್ತ ಡ್ರೈವರೊಂದು ಈ ಕೆಲಸವನ್ನು ಮಾಡುತ್ತದೆ, ಫರ್ಮ್‌ವೇರ್ ಮಾತ್ರ ತಯಾರಕರದೇ. 1999ರಲ್ಲಿ ಹೊರಬಂದ ‘ಕಪ್ಸ್’ ಎಂಬ ತಂತ್ರಾಂಶ ಆ ಪ್ರಿಂಟರನ್ನು ಮನೆಯ ಜಾಲದಲ್ಲಿ ಹಂಚುತ್ತದೆ. ಹೀಗಾಗಿ ವೈಫೈ ಎಂದರೇನೆಂದು ಗೊತ್ತಿಲ್ಲದ ಯಂತ್ರಕ್ಕೆ ಇಂದು ಮಗಳ ಫೋನಿನಿಂದ ನೇರವಾಗಿ ಶಾಲೆಯ ಪ್ರಾಜೆಕ್ಟಿನ ಪುಟಗಳು ಹೋಗುತ್ತವೆ. “ರೀ, ಪ್ರಿಂಟ್ ಬರ್ತಾ ಇಲ್ಲ” ಎಂಬ ಕೂಗು ಕೊನೆಯ ಸಲ ಕೇಳಿದಾಗ ನೋಡಿದರೆ ಕಾಗದ ಮುಗಿದಿತ್ತು.

ಎರಡನೆಯದು ಫೋನುಗಳ ಚಿತ್ರಗಳು. ಇದಕ್ಕೆ ‘ಸಿಂಕ್‌ಥಿಂಗ್’ ಬಳಸುತ್ತೇನೆ. ನಡುವೆ ಯಾರ ಸರ್ವರಿನಲ್ಲೂ ಕಡತಗಳನ್ನು ಇಡದೆ ಫೋನಿನಿಂದ ಪೆಟ್ಟಿಗೆಗೆ ಅದು ನೇರವಾಗಿ ನಕಲು ಮಾಡುತ್ತದೆ. ಮೊದಲ ತಿಂಗಳಲ್ಲೇ ಮಗಳು ಫೋನಿನಲ್ಲಿ ಜಾಗ ಮಾಡಲೆಂದು ಅತ್ತೆಯ ಮನೆಯ ತಿಥಿಯೂಟದ ಚಿತ್ರಗಳನ್ನು ಅಳಿಸಿದಳು; ಸಿಂಕ್‌ಥಿಂಗ್ ವಿಧೇಯವಾಗಿ ಪೆಟ್ಟಿಗೆಯಿಂದಲೂ ಅಳಿಸಿತು. ಸಿಂಕ್ ಬೇರೆ, ಬ್ಯಾಕಪ್ ಬೇರೆ ಎಂದು ಓದಿ ತಿಳಿದಿದ್ದರೂ ಅಳಿಸಿಹೋದ ದಿನವೇ ಅದು ತಲೆಗೆ ಹೋದದ್ದು. ಈಗ ಅಳಿಸಿದ್ದನ್ನು ಪೆಟ್ಟಿಗೆಯಲ್ಲಿ ತೊಂಬತ್ತು ದಿನ ಬುಟ್ಟಿಯಲ್ಲಿ ಇಡುವಂತೆ ಹೇಳಿದ್ದೇನೆ. ವಾರಕ್ಕೊಮ್ಮೆ ‘ಬೋರ್ಗ್’ ಎಂಬ ಇನ್ನೊಂದು ತಂತ್ರಾಂಶ ಎಲ್ಲವನ್ನೂ ಹೊರಗಿನ ಡಿಸ್ಕಿಗೆ, ಒಮ್ಮೆ ಬರೆದದ್ದನ್ನು ಮತ್ತೆ ಬರೆಯದ ಹಾಗೆ, ಸೇರಿಸುತ್ತದೆ.

ಸಿಂಕ್‌ಥಿಂಗ್ ವಿಷಯದಲ್ಲೇ ನನ್ನ ಎರಡನೆಯ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ನಾನು ಹಾಕಿಕೊಂಡ ಹೊಸದರಲ್ಲೇ, 2024ರ ಕೊನೆಗೆ, ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪನ್ನು ನಿಲ್ಲಿಸಲಾಯಿತು. ಮುಚ್ಚಿದ ತಂತ್ರಾಂಶವಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ಮೂಲಬರಹ ಎಲ್ಲರ ಕೈಯಲ್ಲೂ ಇದ್ದುದರಿಂದ ಅದರಿಂದ ಮೊದಲೇ ಒಡೆದಿದ್ದ ಕವಲೊಂದು ಬೆಳೆಯುತ್ತಿತ್ತು. ಅದನ್ನು ಹಾಕಿಕೊಂಡು ಹಳೆಯ ಜೋಡಣೆಯನ್ನು ಅದರೊಳಗೆ ತಂದುಕೊಂಡೆ. ನಮ್ಮ ಪತ್ರಿಕೆಗಳು ಇಂಥವನ್ನು ‘ಉಚಿತ ತಂತ್ರಾಂಶ’ ಎಂದು ಬರೆಯುವಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಇಂಗ್ಲಿಷಿನಲ್ಲಿ ದುಡ್ಡಿಲ್ಲದ್ದಕ್ಕೂ ಕಟ್ಟಿಲ್ಲದ್ದಕ್ಕೂ ‘ಫ್ರೀ’ ಎಂಬ ಒಂದೇ ಪದವಿರುವುದರಿಂದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಯನ್ನು ಸಾರಿದ ಲಾಗಾಯ್ತಿನಿಂದ ಅಲ್ಲಿನವರು ವಿವರಣೆ ಕೊಡುತ್ತಲೇ ಇದ್ದಾರೆ. ನಮಗೆ ಆ ಇಕ್ಕಟ್ಟಿಲ್ಲ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಎರಡೆರಡು ಪದಗಳು ಮನೆಯಲ್ಲೇ ಇರುವಾಗ ಅವರ ಗೊಂದಲವನ್ನು ಕಡ ತರುವುದೇಕೆ?

ಇನ್ನು ಮೂರನೆಯ ಕೆಲಸ. ಪೆಟ್ಟಿಗೆಯನ್ನು ತಂದದ್ದೇ ಇದಕ್ಕಾಗಿ ಎಂದರೂ ತಪ್ಪಿಲ್ಲ. ಅಪ್ಪಯ್ಯ ಊರಿನ ವಾರಪತ್ರಿಕೆಗೆ, ಸಂಘದ ಸ್ಮರಣ ಸಂಚಿಕೆಗಳಿಗೆ ಬರೆಯುತ್ತಿದ್ದರು. 2001ರಿಂದ 2011ರವರೆಗೆ ಅವರು ಹೇಳಿದ್ದನ್ನೂ ಬರೆದುಕೊಟ್ಟದ್ದನ್ನೂ ನಾನು ರಾತ್ರಿ ಕೂತು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿ, ಸಿ.ಡಿ.ಗೆ ಸುಟ್ಟು ಇಡುತ್ತಿದ್ದೆ. ಬಹಳ ವರ್ಷಗಳ ಮೇಲೆ ಒಂದು ಕಡತವನ್ನು ತೆರೆದಾಗ ಕನ್ನಡದ ಬದಲು ಯುರೋಪಿನ ಯಾವುದೋ ಭಾಷೆಯಂಥದು ಕಾಣಿಸಿತು: ತಲೆಯ ಮೇಲೆ ಗೀಟು, ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳು, ನಡುನಡುವೆ ಇಂಗ್ಲೆಂಡಿನ ಪೌಂಡಿನ ಚಿಹ್ನೆ. ತಪ್ಪು ಯಾರದೂ ಅಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದ್ದರೂ ನಮ್ಮ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸಲು ಕಲಿತದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಕೆಲಸ ನಡೆಸಬೇಕಾಗಿತ್ತು. ಆ ಏರ್ಪಾಟಿನಲ್ಲಿ ‘ಕ’ ಎಂಬುದು ದೊಡ್ಡಕ್ಷರದ ‘ಪಿ’ ಮತ್ತು ಅದರ ಮುಂದೆ ಗೀಟು ಹೊತ್ತ ‘ಎ’. ‘ಪಿ’ಯ ಮನೆಯಲ್ಲಿ ‘ಕ’ದ ಒಡಲು ಇದೆ, ಗೀಟಿನ ‘ಎ’ಯ ಮನೆಯಲ್ಲಿ ತಲೆಕಟ್ಟು. ಪೌಂಡಿನ ಚಿಹ್ನೆಗೆ ಅದೇ ತಲೆಕಟ್ಟನ್ನು ಸೇರಿಸಿದರೆ ‘ನ’. ಫಾಂಟು ಇರುವವರೆಗೆ ಎಲ್ಲವೂ ಸರಿ. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿಬಿಡುತ್ತದೆ.

ಇವನ್ನು ಯೂನಿಕೋಡಿಗೆ ತರುವ ಪಟ್ಟಿಗಳನ್ನೂ ಸಣ್ಣ ತಂತ್ರಾಂಶಗಳನ್ನೂ ಕೆಲವು ಕನ್ನಡಿಗರು ಮುಕ್ತವಾಗಿ ಹಂಚಿದ್ದಾರೆ. ಅವನ್ನು ನೋಡಿಕೊಂಡು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನನ್ನದೇ ಒಂದನ್ನು ಬರೆದೆ, ಏಕೆಂದರೆ ಇನ್ನೂರು ಸಾಲಿನ ಈ ಕೆಲಸ ಕನ್ನಡ ಲಿಪಿಯ ಬಗ್ಗೆ ನನಗೆ ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ಕಲಿಸುತ್ತದೆ ಎಂದು ಬೇಗನೆ ಗೊತ್ತಾಯಿತು. ಮೊದಲ ಪ್ರಯತ್ನದಲ್ಲಿ ‘ಮನೆ’ ಎಂದಿದ್ದೆಡೆಯಲ್ಲೆಲ್ಲ ‘ವುನೆ’ ಎಂದು ಬಂದಿತು, ‘ಮತ್ತು’ ಎಂಬುದು ‘ವುತ್ತು’ ಆಯಿತು. ಹಳೆಯ ಫಾಂಟಿನಲ್ಲಿ ‘ಮ’ಕ್ಕೆ ಪ್ರತ್ಯೇಕ ಮನೆಯಿಲ್ಲ, ‘ವ’ಕಾರಕ್ಕೆ ಒಂದು ಕೊಂಬನ್ನು ತಗುಲಿಸಿ ‘ಮ’ ಮಾಡುತ್ತಾರೆ, ಬರವಣಿಗೆಯಲ್ಲಿ ಕಣ್ಣಿಗೆ ಕಾಣುವುದೂ ಹಾಗೆಯೇ ತಾನೆ? ನನ್ನ ತಂತ್ರಾಂಶ ಎಡದಿಂದ ಓದುತ್ತ ಬಂದು, ‘ವ’ ಸಿಕ್ಕಿದೊಡನೆ ಅದನ್ನು ಬದಲಿಸಿ, ಉಳಿದ ಕೊಂಬನ್ನು ‘ಉ’ಕಾರವೆಂದು ತಿಳಿಯುತ್ತಿತ್ತು. ಪಟ್ಟಿಯಲ್ಲಿ ಉದ್ದದ ಜೋಡಣೆಗಳನ್ನು ಮೊದಲು, ಗಿಡ್ಡವನ್ನು ಆಮೇಲೆ ಹುಡುಕುವಂತೆ ಮಾಡಿದಾಗ ‘ಮನೆ’ ಮನೆಗೆ ಮರಳಿತು. ಜಾಲತಾಣಗಳಲ್ಲಿ ಇಂದಿಗೂ ಅಲ್ಲಲ್ಲಿ ‘ವುತ್ತು’ ಕಂಡಾಗ, ಇದು ಯಾರೋ ನನ್ನ ಹಾಗೆಯೇ ಅವಸರ ಮಾಡಿದ್ದರ ಗುರುತು ಎಂದು ತಿಳಿಯುತ್ತದೆ.

ಅದಕ್ಕಿಂತ ತ್ರಾಸದ್ದು ಕ್ರಮದ ಸಮಸ್ಯೆ. ‘ವರ್ಷ’ ಎಂದು ಬರೆಯುವಾಗ ನಮ್ಮ ಕೈ ‘ವ’, ‘ಷ’ ಬರೆದು, ಕೊನೆಗೆ ಅರ್ಕಾವತ್ತನ್ನು ಸುತ್ತುತ್ತದೆ. ಹಳೆಯ ಕಡತದಲ್ಲಿಯೂ ಅದೇ ಕ್ರಮ. ಯೂನಿಕೋಡು ಕೈಯನ್ನು ಬಿಟ್ಟು ನಾಲಿಗೆಯನ್ನು ಅನುಸರಿಸುತ್ತದೆ: ‘ರ’ಕಾರ ಮೊದಲು, ‘ಷ’ಕಾರ ಆಮೇಲೆ. ಅರ್ಕಾವತ್ತನ್ನು ಹಿಂದಿನ ಅಕ್ಷರದ ಆಚೆಗೆ ಎತ್ತಿಡದೆ ಇದ್ದರೆ ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ‘ಹಣ್ಣಿನ’ ಎಂಬಲ್ಲಿ ಹಳೆಯ ಕಡತ ಮೊದಲು ಗುಡಿಸಿರುವ ‘ಣಿ’ಯನ್ನೂ ಆಮೇಲೆ ಒತ್ತನ್ನೂ ಇಡುತ್ತದೆ, ಯೂನಿಕೋಡಿನಲ್ಲಿ ಒತ್ತು ಮೊದಲು ಬಂದು ಗುಡಿಸು ಕೊನೆಗೆ ಬರಬೇಕು. ಈ ಎರಡು ನಿಯಮಗಳನ್ನು ಸರಿಯಾಗಿ ಬರೆಯಲು ನನಗೆ ಮೂರು ವಾರ ಹಿಡಿಯಿತು. ಸರಿಹೋದ ರಾತ್ರಿ 380 ಕಡತಗಳನ್ನು ಪೆಟ್ಟಿಗೆ ನಾಲ್ಕು ಸೆಕೆಂಡಿನಲ್ಲಿ ಮುಗಿಸಿತು. ಎಲ್ಲವನ್ನೂ ಯಾವ ಅಲಂಕಾರವೂ ಇಲ್ಲದ ಬರಿಯ ಪಠ್ಯವಾಗಿ ಇಟ್ಟಿದ್ದೇನೆ. ಯೂನಿಕೋಡನ್ನು ಕಡತದಲ್ಲಿ ಬರೆದಿಡುವ ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, ಆದರೂ ಒಟ್ಟು ಗಾತ್ರ 4 ಎಂ.ಬಿ. ಹತ್ತು ವರ್ಷಗಳ ಅಪ್ಪಯ್ಯನ ಬರಹವೆಲ್ಲ ಸೇರಿ ಈಗಿನ ಫೋನಿನಲ್ಲಿ ತೆಗೆದ ಒಂದು ಚಿತ್ರದಷ್ಟು.

ತಿದ್ದುವ ಕೆಲಸವನ್ನು ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಮಾಡುತ್ತೇನೆ. ಡೆಬಿಯನ್ನಿನ ಭಂಡಾರದಲ್ಲಿ ಗುಬ್ಬಿ, ನವಿಲು, ಲೋಹಿತ್, ನೋಟೊ ಎಂಬ ಕನ್ನಡ ಫಾಂಟುಗಳೆಲ್ಲ ಇವೆ. ಕರಡು ತಿದ್ದಲು ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುವ ನೋಟೊ ಸೆರಿಫ್ ನನಗೆ ಹಿಡಿಸಿತು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ, ನುಡಿಯಲ್ಲಿ ನಾನು ಬಳಸುತ್ತಿದ್ದ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಸಿದ್ಧವಾಗಿಯೇ ಇದ್ದುದರಿಂದ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. ಆದರೆ ಟರ್ಮಿನಲ್ ಎಂಬ ಕಪ್ಪು ಕಿಟಕಿಯೊಳಗೆ ಕನ್ನಡ ಇನ್ನೂ ಪರದೇಶಿ. ಅದು ಚೌಕದ ಲೆಕ್ಕದ ಪುಸ್ತಕದಂತೆ ಪ್ರತಿ ಚಿಹ್ನೆಗೂ ಒಂದೊಂದು ಮನೆ ಕೊಡುತ್ತದೆ, ಒತ್ತಕ್ಷರ ಕೆಳಗೆ ಇಳಿಯುವ ಬದಲು ಪಕ್ಕದ ಮನೆಗೆ ಹೋಗಿ ಕೂರುತ್ತದೆ. ಹಾಗಾಗಿ ಕಡತಗಳಿಗೆ ಕನ್ನಡದ ಹೆಸರಿಡುವ ಆಸೆಯನ್ನು ಬಿಟ್ಟು, ಪ್ರಕಟವಾದ ದಿನಾಂಕವನ್ನೇ ಹೆಸರಾಗಿ ಇಟ್ಟಿದ್ದೇನೆ.

ಹುಡುಕುವ ಸುಖ ಬೇರೆಯೇ. ಗಣಪತಿ ಕೆರೆಯ ಹೂಳಿನ ಬಗ್ಗೆ ಅಪ್ಪಯ್ಯ ಬರೆದದ್ದು ಯಾವಾಗ ಎಂದು ಅಣ್ಣ ಫೋನು ಮಾಡಿ ಕೇಳಿದ. ಕಡತಗಳೊಳಗೆ ಪದ ಹುಡುಕುವ ‘ಗ್ರೆಪ್’ಗೆ ‘ಕೆರೆ’ ಎಂದು ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆರೆ, ಕೆರೆಯ, ಕೆರೆಗಳೆಲ್ಲ ಬಂದವು. ಅವುಗಳ ನಡುವೆ ‘ತಲೆ ಕೆರೆದುಕೊಳ್ಳುತ್ತಾ’ ಎಂಬುದೂ ಎರಡು ಕಡೆ ಬಂದಿತು.

1970ರ ದಶಕದ ಸ್ಮರಣ ಸಂಚಿಕೆಗಳು ಮೊಳೆ ಜೋಡಿಸಿ ಅಚ್ಚು ಹಾಕಿದವು. ಅವಕ್ಕೆ ಕಡತವೇ ಇಲ್ಲ. ಅವನ್ನು 300 ಡಿ.ಪಿ.ಐ.ಯಲ್ಲಿ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡುವ ‘ಟೆಸರಾಕ್ಟ್’ಗೆ ಓದಿಸುತ್ತಿದ್ದೇನೆ. ಎಚ್.ಪಿ. ಕಂಪನಿ 1985ರಿಂದ ಹತ್ತು ವರ್ಷ ಬೆಳೆಸಿ, ಮೂಲೆಗಿಟ್ಟು, 2005ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟ ತಂತ್ರಾಂಶ ಇದು. 2018ರ ನಾಲ್ಕನೆಯ ಆವೃತ್ತಿಯಲ್ಲಿ ಇಡೀ ಸಾಲನ್ನು ಒಟ್ಟಿಗೆ ಓದುವ ನರಜಾಲ ಬಂದ ಮೇಲೆ ಕನ್ನಡ ಸಹಿಸುವಷ್ಟು ಸುಧಾರಿಸಿತು. ಪೈ ಒಂದು ಪುಟ ಓದುವಷ್ಟು ಹೊತ್ತಿನಲ್ಲಿ ಕಪ್ಪು ಪೆಟ್ಟಿಗೆ ನಾಲ್ಕು ಓದುತ್ತದೆ. ಶುಭ್ರವಾದ ಪುಟವಾದರೆ ಸಾಲಿಗೆ ಒಂದು ತಪ್ಪು, ಮೊಳೆ ಸವೆದಿದ್ದರೆ ನಾಲ್ಕೈದು. ‘ಪ’ವನ್ನು ‘ಷ’ ಎಂದು, ‘ಘ’ವನ್ನು ‘ಫ’ ಎಂದು ಓದಿದರೆ ಕ್ಷಮಿಸಬಹುದು. ಎಳೆಯ ಮಕ್ಕಳೂ ಹಾಗೆ ಓದುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ಸೊನ್ನೆ. ‘ಶಂಕರ’ದಲ್ಲಿನ ಅನುಸ್ವಾರವನ್ನು ಅದು ಕೆಲವು ಸಲ ಕನ್ನಡ ಅಂಕಿಯ ಸೊನ್ನೆ ಎಂದು ಬರೆದುಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ, ಕರಡು ತಿದ್ದುವವನಿಗೂ ತಪ್ಪು ಕಾಣುವುದಿಲ್ಲ, ಹುಡುಕಿದಾಗ ಮಾತ್ರ ಶಂಕರ ಸಿಗುವುದಿಲ್ಲ. ಅಕ್ಷರದ ಬೆನ್ನಿಗೆ ಅಂಕಿಯ ಸೊನ್ನೆ ಬಂದರೆ ಅನುಸ್ವಾರ ಮಾಡು ಎಂಬ ಒಂದು ಸಾಲಿನ ನಿಯಮದಿಂದ ಅದು ಬಗೆಹರಿಯಿತು. ಅಪ್ಪಯ್ಯನ ಕೈಬರಹಕ್ಕೆ ಮಾತ್ರ ಟೆಸರಾಕ್ಟ್ ಕೈಮುಗಿಯಿತು. ಅವನ್ನು ಓದಬಲ್ಲವರು ಮೊದಲೂ ಮನೆಯಲ್ಲಿ ಇಬ್ಬರೇ ಇದ್ದದ್ದು.

ಸಿ.ಡಿ.ಗಳಲ್ಲಿ ಇನ್ನು ಒಂದು ಬಾಕಿ ಇದೆ, 2006ರದು. ಅಂಚಿನಲ್ಲಿ ಬೂಷ್ಟು ಹಿಡಿದಿದೆ, ಸಾಮಾನ್ಯವಾಗಿ ತೆರೆಯಲು ಹೋದರೆ ಡ್ರೈವು ಗೊರಗೊರ ಎಂದು ಸುಮ್ಮನಾಗುತ್ತದೆ. ಅದಕ್ಕೆ ಗ್ನೂ ‘ಡಿಡಿರೆಸ್ಕ್ಯೂ’ ಹಚ್ಚಿದ್ದೇನೆ. ಓದಲು ಬರುವ ಭಾಗಗಳನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಹಟ ಹಿಡಿದ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತು ಮಾಡಿ ದಾಟುತ್ತದೆ, ಎಲ್ಲ ಮುಗಿದ ಮೇಲೆ ಅವುಗಳ ಬಳಿಗೆ ಮರಳುತ್ತದೆ. ನಡುವೆ ಕರೆಂಟು ಹೋದರೂ ನಕ್ಷೆ ಡಿಸ್ಕಿನಲ್ಲಿ ಇರುವುದರಿಂದ ನಿಂತಲ್ಲಿಂದಲೇ ಮುಂದುವರಿಸಬಹುದು. 700 ಎಂ.ಬಿ.ಯಲ್ಲಿ ಇನ್ನು 11 ಎಂ.ಬಿ. ಉಳಿದಿದೆ. ಮೂರನೆಯ ಸುತ್ತು ನಡೆಯುತ್ತಿದೆ. ಬೆಳಿಗ್ಗೆ ಹಾಲು ತರಲು ಹೋಗುವಾಗ ಗೂಡಿನ ಹತ್ತಿರ ನಿಂತು ಕೇಳಿದೆ, ಡ್ರೈವು ಇನ್ನೂ ತಿರುಗುತ್ತಿತ್ತು.